ಐದನೇ ನಂಬರಿನ ಮಷೀನು

ಟೈಪಿಂಗ್ ಪರೀಕ್ಷೆಗೆ ಮಷೀನನ್ನು ತಾವೇ ಹೊತ್ತು ತರಬೇಕು. ಹಾಗಾಗಿ ಕುಂದಗೋಳದ ಮಡಿವಾಳೆಪ್ಪ ಮಾಸ್ತರರ ಕ್ಲಾಸಿನವರು ನಸುಕಿನಲ್ಲೇ ಮಷೀನುಗಳಿಗೆ ಕೌದಿ ಸುತ್ತಿ, ಟೆಂಪೋದಲ್ಲಿ ಹೇರಿಕೊಂಡು ಹುಬ್ಬಳ್ಳಿಗೆ ಬಂದಿದ್ದರು. ಪರೀಕ್ಷೆ ನಡೆಯುವ ಸಾಲಿಯ ಪಡಸಾಲೆಯಲ್ಲಿ ಖೈರುನಬಿ ತನ್ನ ಐದನೇ ನಂಬರಿನ ಮಷೀನಿನ ಕೌದಿ ಬಿಚ್ಚಿ, ಒಂದು ಅಕ್ಷರ ಹೊಡೆದಳು. ಇನ್ನೊಂದು ಹೊಡೆದಳು. ಎರಡೂ ಒಂದರ ಮೇಲೊಂದು ಬಿದ್ದವು. ಕ್ಯಾರೇಜು ಕದಲಲಿಲ್ಲ.

ಮಾಸ್ತರು ಹಿಂಬದಿಗೆ ಬಗ್ಗಿ ನೋಡಿದರು. "ಕ್ಯಾರೇಜ್ ಎಳಿಯೋ ಪಟ್ಟಿ ಹರದೈತಿ. ಟೆಂಪೋ ಕುಲುಕಿದ್ದು ತಡೀಲಿಲ್ಲ. ಇರ್ಲಿ, ಹೊಸಾ ಮಷೀನೊಂದು ಜಾಸ್ತಿ ತಂದೇನಿ. ಅದರ ಮ್ಯಾಲೆ ಹೊಡಿ."

"ಖೈರು, ನಿನ್ನ ದೈವ ಚಲೋ ಐತಿ ಬಿಡು," ಎಂದಳು ಬಾಜುವಿನ ಸಾವಿತ್ರಿ. "ಆ ಹಳೇದರ ಮ್ಯಾಲೆ ನೀ ಬಡಿಯೋದು ಕೇಳಿದ್ರ, ನಿಮ್ಮಪ್ಪ ಅರಳಿ ಹಿಂಜಿದಂಗ ಕೇಳ್ತದ."

ಎಲ್ಲರೂ ನಕ್ಕರು. ಕಂಬಕ್ಕೆ ಆತು ಕೂತಿದ್ದ ಅಪ್ಪ ಮಲಿಕಸಾಬ ಮಾತ್ರ ನಗಲಿಲ್ಲ. ಗಾದಿಗೆ ಹತ್ತಿ ಹಿಂಜುವುದು ಅವನ ಕಸುಬು. ಮಗಳನ್ನು ಏಳನೇ ಕ್ಲಾಸಿಗೆ ಸಾಲಿ ಬಿಡಿಸಿದವನು, ಅವ್ವ ಗೋಗರೆದಳೆಂದು ಟೈಪಿಂಗಿಗೆ ಹ್ಞೂಂ ಅಂದಿದ್ದ. "ಒಂದ ಸಲ," ಎಂದು ಮುಂಜಾನೆ ಮತ್ತೆ ಹೇಳಿದ್ದ. "ಪಾಸಾದಿ, ಆತು. ಇಲ್ಲಂದ್ರ ಮುಗೀತು. ಮುಂದ ಲಗ್ನದ ಮಾತು."

ಖೈರುನಬಿ ಹೊಸ ಮಷೀನಿನ ಮುಂದೆ ಕೂತಳು. ಬೆಣ್ಣೆಯಂಥ ಮಷೀನು. ಬಿರುಸಾದ ಕೀಲಿಗಳನ್ನು ಗುದ್ದಿ ಗುದ್ದಿ ಕಲಿತ ಬೆರಳುಗಳು ಬಾಜು ಕೀಲಿಗೆ ಸೋಕಿದ್ದೇ ತಡ, ಎರಡೆರಡು ಅಕ್ಷರದ ಕಡ್ಡಿ ಒಟ್ಟಿಗೆ ಎದ್ದು ಒಂದಕ್ಕೊಂದು ಸಿಕ್ಕಿಕೊಂಡವು. ಬಿಡಿಸಿದಳು. ಮತ್ತೆ ಸಿಕ್ಕಿಕೊಂಡವು. ಒಂದು ಸಾಲಿನಲ್ಲಿ ಆರು ತಪ್ಪು.

ಮೊದಲ ಗಂಟೆ ಬಾರಿಸಿತು. ಇನ್ನೊಂದಾದರೆ ಬಾಗಿಲು ಹಾಕುತ್ತಾರೆ.

"ಸರ್," ಎಂದಳು. ಯಾರಿಗೂ ಕೇಳಲಿಲ್ಲ. "ಸರ್, ನನಗ ನಂದ ಬೇಕ್ರಿ."

"ಹರದೈತಲ್ಲವಾ! ರಿಪೇರಿ ಮಾಡಾವ್ರು ಇನ್ನೂ ಅಂಗಡೀನ ತಗದಿಲ್ಲ."

"ಸರ್ ಹೇಳ್ದಂಗ ಕೇಳು," ಎಂದು ಮಲಿಕಸಾಬ ಗದರಿದ.

ಅವಳ ಕಣ್ಣು ಅಪ್ಪನ ಅಂಗಿಯ ಕಿಸೆಯ ಮೇಲಿತ್ತು. ಹತ್ತಿ ಹಿಂಜುವ ಬಿಲ್ಲಿನ, ಕುರಿಯ ನರದಿಂದ ಹೊಸೆದ ತಂತಿ ನಿನ್ನೆ ಹರಿದಿತ್ತು. ಅದೇ ದಪ್ಪದ ಹೊಸದನ್ನು ಕೊಳ್ಳಲು ಅವನು ಹಳೆಯ ತುಂಡೊಂದನ್ನು ಅಳತೆಗೆಂದು ಕಿಸೆಯಲ್ಲಿಟ್ಟು ತಂದಿದ್ದ.

"ಅಪ್ಪಾ, ಆ ತಂತಿ ಕೊಡು."

"ಹುಚ್ಚಿ, ಇದು ಹರದಿದ್ದು."

"ಜಗ್ಗೂದೆಲ್ಲಾ ಜಗ್ಗಿ ಮುಗದೈತಿ. ಹೊಸಾದು ಸಡ್ಲ ಬೀಳ್ತದ ಅಂತ ನೀನ ಅಂತಿದ್ದಿಯಲ್ಲ."

ಮಲಿಕಸಾಬ ಮಗಳ ಮುಖವನ್ನೇ ನೋಡಿದ. ಅವಳು ನಾಲ್ಕು ಮಂದಿಯೆದುರು ಇಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ತಂತಿ ತೆಗೆದ. ಮಾಸ್ತರು ಕ್ಯಾರೇಜನ್ನು ಎಳೆಯುವ ಸ್ಪ್ರಿಂಗಿನ ಡಬ್ಬಿಯನ್ನು ತಿರುವಿ ಹಿಡಿದರು. ತಂತಿಯನ್ನು ಎಲ್ಲಿಂದ ಎಲ್ಲಿಗೆ ಕಟ್ಟಬೇಕೆಂದು ಅವಳು ಬೆರಳಿಟ್ಟು ತೋರಿಸಿದಳು. ಅಪ್ಪ ಬಿಲ್ಲಿಗೆ ಬಿಗಿಯುವ ಗಂಟನ್ನೇ ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದ.

ಕ್ಯಾರೇಜು ಸರಿಯಿತು. ಎರಡನೇ ಗಂಟೆ ಬಾರಿಸಿತು.

"ನಡುವ ಹರದ್ರ ನನ್ನ ಅನ್ನಬ್ಯಾಡ," ಎಂದರು ಮಾಸ್ತರು, ಮಷೀನನ್ನು ಬಾಗಿಲೊಳಗೆ ಸಾಗಿಸುತ್ತ.

ಒಳಗೆ ಮೇಲ್ವಿಚಾರಕರು "ಹ್ಞೂಂ, ಸುರು ಮಾಡ್ರಿ" ಎಂದದ್ದೇ ಇಡೀ ಕೋಣೆ ಮಳೆ ಹೊಡೆದಂತೆ ಸದ್ದಾಯಿತು. ಪ್ರತಿ ಸಾಲಿನ ತುದಿಗೆ ಕ್ಯಾರೇಜನ್ನು ಹಿಂದಕ್ಕೆ ತಳ್ಳುವಾಗ ಖೈರುನಬಿ ತಂತಿಗೆ ಕಿವಿಗೊಡುತ್ತಿದ್ದಳು. ತಂತಿ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಕಡೆಯ ಪ್ಯಾರಾದಲ್ಲಿ ಗಂಟು ತುಸು ಜಾರಿತು. ಸಾಲಿನ ಕೊನೆಗೆ ಎರಡು ಅಕ್ಷರ ಒತ್ತೊತ್ತಾಗಿ ಬಿದ್ದವು. ಮುಂದಿನ ಸಾಲುಗಳ ತುದಿ ಬಂದಾಗಲೆಲ್ಲ ನಾಲ್ಕಾರು ಅಕ್ಷರ ಮೊದಲೇ ಕೈ ನಿಧಾನ ಮಾಡಿದಳು. "ಸಾಕು, ಕೈ ತಗೀರಿ" ಎಂದಾಗ ಪೂರ್ಣವಿರಾಮ ಬಿದ್ದಿತ್ತು.

ಹೊರಗೆ ಅಪ್ಪ ನಿಂತೇ ಇದ್ದ.

"ಪೂರಾ ಆತೇನು?"

"ಆತು. ಎರಡು ಅಕ್ಷರ ಒತ್ತ್ಯಾವು."

ಅವನು ಮಷೀನಿನ ಹಿಂದೆ ಕೂತು ಗಂಟಿಗೆ ಕೈ ಹಾಕಿದ. "ಬಿಚ್ಚತೀನಿ. ಅಂಗಡ್ಯಾಗ ಅಳತಿಗೆ ತೋರಿಸಬೇಕು."

ಖೈರುನಬಿ ಅವನ ಕೈ ಹಿಡಿದಳು. "ಬಿಚ್ಚಬ್ಯಾಡಪ್ಪಾ. ಇದರ ಮುಂದಿನ ಪರೀಕ್ಷಾಕ್ಕೂ ಇದ ಬೇಕು."

ಅವನು ಬೆರಳನ್ನು ಗಂಟಿನಿಂದ ತೆಗೆದು, ಕೌದಿ ಎಳೆದುಕೊಂಡು ಮಷೀನಿಗೆ ಸುತ್ತತೊಡಗಿದ.

"ಇರ್ಲಿ ಬಿಡು," ಎಂದ. "ದಪ್ಪ ಎಷ್ಟಂತ ನನ್ನ ಬೆರಳಿಗೆ ಗೊತ್ತೈತಿ."