ನೇರಳೆ ಜೋಳದ ನೀರು

ಗಣಿಯವರ ಕೊಳೆನೀರಿನ ಕೆರೆಯ ಏರಿ ಒಡೆದು ನೀರೆಲ್ಲ ನದಿಗೆ ಹೋಯಿತು, ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು, ಗಣಿಯವರು ಊರಿಗೆ ಏನೂ ಹೇಳಲಿಲ್ಲ. ಅದಾದ ಮೇಲೆ ಬಿತ್ತನೆ ಮುಗಿಯಿತು, ಹಬ್ಬ ಮುಗಿಯಿತು, ಈಗ ಶಾಲೆಯ ಅಂಗಳದಲ್ಲಿ ವಿಜ್ಞಾನ ಮೇಳ, ಅದೇ ಗಣಿಯವರು ಹಾಕಿಸಿಕೊಟ್ಟ ಶಾಮಿಯಾನದ ತೂತಿನಿಂದ ಬಿಸಿಲು ಇಳಿದು ಗಾಜಿನ ಲೋಟಗಳನ್ನು ಹಾದು ಮೇಜಿನ ಬಿಳಿ ಬಟ್ಟೆಯ ಮೇಲೆ ಬಣ್ಣ ಬಣ್ಣವಾಗಿ ಬಿದ್ದಿದೆ, ಒಂದು ಹಸಿರು, ಒಂದು ನೀಲಿ, ಒಂದು ನೇರಳೆ, ಕೊನೆಯದು ಕೆಂಪು, ಆ ಕೆಂಪನ್ನು ನೋಡಬಾರದು ಅಂದುಕೊಂಡು ಹೆರ್ಮೀನಿಯಾ ಅದನ್ನೇ ನೋಡುತ್ತಾಳೆ — ತಾನೇ ಕುದಿಸಿದ ಜೋಳದ ನೀರೇನಾ ಇದು, ಅಮ್ಮನ ಬೆನ್ನಿಗೆ ಕಟ್ಟಿಸಿಕೊಂಡಿದ್ದ ಕಾಲದಿಂದ ಮೂಗಿಗೆ ಗೊತ್ತಿರುವ ವಾಸನೆ, ನೇರಳೆ ತೆನೆ, ಅನಾನಸ್ ಸಿಪ್ಪೆ, ಚಕ್ಕೆ, ಲವಂಗ, ಇದರದೇ ಪಾನಕ, ಚಿಚಾ, ಬಕೆಟ್ ತುಂಬ ಮಾಡಿ ಸಂತೆಯಲ್ಲಿ ಮಾರಿದ್ದಾಳೆ, ಇಷ್ಟು ವರ್ಷ ಅವಳ ಒಲೆಯ ಮೇಲೆ ಕೂತು ಕುದ್ದರೂ ತನ್ನ ಹೊಟ್ಟೆಯಲ್ಲಿ ಇಷ್ಟು ಬಣ್ಣ ಇದೆ ಅಂತ ಅದು ಒಂದು ದಿನವೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ, ಆರನೆಯ ತರಗತಿಯ ಮಗಳು ನಾಯ್ದಾ, ಉಗುರು ಕಚ್ಚುವ ನಾಯ್ದಾ, ಕೇಳಿದಳು, ಕೇಳಿದ್ದಕ್ಕೆ ಹೇಳಿತು. ಮೊದಲ ಸಲ ಮಾತ್ರ ಏನು ಅಧ್ವಾನ, ಅಡುಗೆಮನೆಯ ನೆಲದಲ್ಲಿ ಲೋಟಗಳ ಸಾಲು, ನಲ್ಲಿ ನೀರಿಗೆ ಹನಿ ಬಿಟ್ಟರೂ ಕೆಂಪು, ಮಳೆನೀರಿಗೆ ಬಿಟ್ಟರೂ ಕೆಂಪು, ನದಿ ನೀರಿಗೆ ಬಿಟ್ಟರೂ ಕೆಂಪು, ಅಮ್ಮಾ ಆಕಾಶದಿಂದ ಬೀಳೋ ನೀರೂ ಕೆಟ್ಟೋಗಿದೆಯಾ ಅಂತ ಹುಡುಗಿಯ ಕಣ್ಣು ತುಂಬಿ ಬಂತು, ಆಮೇಲೆ ಏನು ಹೊಳೆಯಿತೋ ಪಾತ್ರೆಗೆ ಬೆರಳದ್ದಿ ನೆಕ್ಕಿದಳು, ನಿಂಬೆ ಹಿಂಡಿದೀಯಾ, ಹುಳಿ ತಾಗಿದರೆ ಇದು ಕೆಂಪಾಗುತ್ತಮ್ಮಾ, ಹಿಂಡದೆ ಮತ್ತೇನೇ, ಸಪ್ಪೆ ಚಿಚಾ ಯಾವ ನಾಯಿ ಕುಡಿಯುತ್ತೆ, ಕುಡಿಯೋದಕ್ಕಲ್ಲಮ್ಮಾ ನೋಡೋದಕ್ಕೆ — ನೋಡೋದಕ್ಕಂತೆ. ಈ ಕಣಿವೆಯ ಯಾವ ಹೆಂಗಸಾದರೂ ಹಿಂಡುತ್ತಿದ್ದಳು, ಜೋಳದ ನೀರು ತಣ್ಣಗಾಯಿತೆಂದರೆ ಕೈ ತಾನಾಗಿ ನಿಂಬೆಯ ಬುಟ್ಟಿಗೆ ಹೋಗುತ್ತದೆ, ಸಕ್ಕರೆ ಬೇರೆ ಹಾಕಿದ್ದಳು, ಗಣಿಯಿಂದ ಬಂದ ಗಂಡ ರೋಕೆ ಬೂಟು ಕೂಡ ಬಿಚ್ಚದೆ ಹೊಸಿಲ ಮೇಲೆ ಕೂತು ಆ ವಿಜ್ಞಾನವನ್ನೆಲ್ಲ ಗಟಗಟ ಕುಡಿದ, ನಿನ್ನ ವಿಜ್ಞಾನ ಭಾಳ ರುಚಿ ಕಣೇ ಪುಟ್ಟಿ, ನಾಳೆನೂ ಕೆಡಿಸು ಅಂದ.

ಎರಡನೆಯ ಸಲ ಬರೀ ತೆನೆ, ಬರೀ ನೀರು, ಒಲೆಯ ಮೇಲೆ ಕತ್ತಲೆಯಂಥ ನೇರಳೆ, ನಾಯ್ದಾ ಡ್ರಾಪರ್ ಹಿಡಿದಳು, ಅಮ್ಮಾ ಉಸಿರು ಬಿಡಬೇಡ ಮೇಜು ಅಲ್ಲಾಡುತ್ತೆ, ಒಲೆ ಬೂದಿಯ ತಿಳಿನೀರಿಗೆ ಒಂದು ಹನಿ — ನೇರಳೆ ಹನಿ ಇಳಿಯುತ್ತ ಇಳಿಯುತ್ತ ಬಿಚ್ಚಿಕೊಂಡು ಎಳೆ ಎಳೆಯಾಗಿ ಹಸಿರಾಯಿತು, ಹಸಿರು ಎಲ್ಲಿತ್ತು, ಜೋಳದಲ್ಲಿತ್ತಾ, ಬೂದಿಯಲ್ಲಿತ್ತಾ, ಎರಡರಲ್ಲೂ ಇರಲಿಲ್ಲ, ಹೆರ್ಮೀನಿಯಾ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಳು, ಇಗರ್ಜಿಯೊಳಗೆ ಹೋದಾಗ ಬಿಟ್ಟರೆ ಅವಳು ಟೋಪಿ ತೆಗೆಯುವವಳಲ್ಲ. ಸೋಪಿನ ನೀರಿಗೆ ನೀಲಿ. ಗುಡ್ಡದ ಮೇಲಿನ ಬುಗ್ಗೆಯ ನೀರಿಗೆ ಬಿದ್ದದ್ದು ನೇರಳೆಯಾಗಿಯೇ ಉಳಿಯಿತು, ಇದು ಒಳ್ಳೇದು ಅಂದಳು ಮಗಳು. ಆಮೇಲೆ ಸೇತುವೆಯ ಕೆಳಗಿನ ನದಿ ನೀರು, ನೋಡಲು ಬುಗ್ಗೆಯ ನೀರಿಗಿಂತ ತಿಳಿ, ಮುಖ ಕಾಣುವಷ್ಟು ತಿಳಿ, ಹನಿ ಬಿತ್ತು, ಬೀಳುತ್ತಲೇ ಕೆಂಪಾಯಿತು, ಈ ಸಲ ಪಾತ್ರೆಯಲ್ಲಿ ನಿಂಬೆ ಇರಲಿಲ್ಲ, ಅದೇ ನೀರಿನಲ್ಲಿ ಹೆರ್ಮೀನಿಯಾ ಕಂಬಳಿ ಒಗೆದಿದ್ದಾಳೆ, ಅದೇ ನೀರಿಗೆ ಇಳಿದು ಬಂದವಳ ಕಾಲ ಬೆರಳ ಸಂದು ಉರಿದಿದೆ, ಚಳಿಗೆ ಒಡೆದಿರಬೇಕು ಅಂದುಕೊಂಡಿದ್ದಳು, ಊರಿಗೆ ಊರೇ ಚಳಿ ಅಂದುಕೊಂಡಿತ್ತು, ನೀರಿಗೆ ಬಾಯಿಲ್ಲ ಅಂತ ಗಣಿಯವರಿಗೆ ಧೈರ್ಯ, ಈ ಹುಡುಗಿ ಅದಕ್ಕೊಂದು ಬಾಯಿ ಮಾಡಿಕೊಟ್ಟಳಲ್ಲ, ಜೋಳದ ತೆನೆಯಿಂದ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಾ ಇವಳು.

ಇಂಜಿನಿಯರ್ ಬರುತ್ತಿದ್ದಾನೆ, ಬಿಳಿ ಟೋಪಿ, ಹಿಂದೆಯೇ ಹೆಡ್‌ಮೇಷ್ಟ್ರು ಅಬೆಲಾರ್ದೊ, ಈ ಇಂಜಿನಿಯರ್ ಏನು ಕಟ್ಟಿದ್ದಾನೋ ಯಾರೂ ನೋಡಿಲ್ಲ, ಗಣಿಯ ಪರವಾಗಿ ಊರವರ ಹತ್ತಿರ ನಗುನಗುತ್ತ ಮಾತಾಡುವುದೇ ಅವನ ಕೆಲಸ, ಪಕ್ಕದ ಮೇಜಿನ ಮಣ್ಣಿನ ಜ್ವಾಲಾಮುಖಿ ನೊರೆ ಕಕ್ಕಿದ್ದಕ್ಕೆ ಚಪ್ಪಾಳೆ ತಟ್ಟಿದ, ಈಗ ಇಲ್ಲಿ ನಿಂತ, ಹಸಿರು ಲೋಟ ನೋಡಿ ಭಲೇ ಅಂದ, ನೀಲಿ ನೋಡಿ ಭಲೇ ಅಂದ, ಕೆಂಪಿನ ಹತ್ತಿರ ಬಂದಾಗ ನಗು ಮುಖದಲ್ಲೇ ಇತ್ತು, ಕಣ್ಣು ಮಾತ್ರ ಲೋಟಕ್ಕೆ ಅಂಟಿಸಿದ ಚೀಟಿ ಓದಿತು, ಸೇತುವೆಯ ಕೆಳಗೆ. ಹೆರ್ಮೀನಿಯಕ್ಕಾ, ಅಭ್ಯಾಸಬಲ ನೋಡಿ, ಇದೊಂದಕ್ಕೆ ನಿಂಬೆ ಹಿಂಡಿಬಿಟ್ಟಿದೀರ ಅಲ್ವಾ ಅಂದ, ಸುತ್ತ ನಿಂತವರೆಲ್ಲ ನಕ್ಕರು, ನಗದೆ ಏನು ಮಾಡುತ್ತಾರೆ, ಎಲ್ಲರ ಕೈಯೂ ಹಿಂಡುವ ಕೈಯೇ, ಅವಳಿಗೂ ನಗು ಬಂದೇಬಿಡುತ್ತಿತ್ತು, ಹಿಂಡಿದ್ದು ನಿಜ, ಆವತ್ತು, ಬೇರೆ ಪಾತ್ರೆಗೆ, ಅವನಿಗೆ ಹೇಗೆ ಗೊತ್ತು, ಗೊತ್ತಿಲ್ಲ, ಈ ಮಣ್ಣಲ್ಲಿ ಹುಟ್ಟಿದವನು, ಅವನ ಅಮ್ಮನೂ ಹಿಂಡಿರುತ್ತಾಳೆ, ಅಮ್ಮನ ಕೈಯನ್ನೇ ತಂದು ಸುಳ್ಳಿಗೆ ಸಾಕ್ಷಿ ನಿಲ್ಲಿಸುತ್ತಾನಲ್ಲ. ರೋಕೆ ಹೇಗಿದಾನೆ, ಅವನ ಕರಾರು ಈ ತಿಂಗಳೇ ಮುಗಿಯುತ್ತೆ ಅಲ್ವಾ, ಒಳ್ಳೆ ಕೆಲಸಗಾರ ಅಂದ, ಅಂದು ಲೋಟದ ಕಡೆ ನೋಡಿದ. ಹೆಡ್‌ಮೇಷ್ಟ್ರು ಕಿವಿಯ ಹತ್ತಿರ ಬಗ್ಗಿದರು, ಹೌದು ತಪ್ಪಾಗಿ ನಿಂಬೆ ಬಿತ್ತು ಅಂತ ಒಂದು ಮಾತು ಹೇಳಿಬಿಡಿ ತಾಯಿ, ಆ ಲೋಟ ಒಂದು ತೆಗೀತೀವಿ, ಉಳಿದದ್ದಕ್ಕೆಲ್ಲ ಮೊದಲ ಬಹುಮಾನ, ಹುಡುಗಿ ಪಟ್ಟಣದ ಮೇಳಕ್ಕೆ ಹೋಗ್ತಾಳೆ, ಅವಳ ಭವಿಷ್ಯ ನಿಮ್ಮ ನಾಲಿಗೆ ಮೇಲಿದೆ — ನಾಲಿಗೆ ಒಣಗಿದೆ, ರೋಕೆಯ ಬೂಟು, ಹೊಸಿಲು, ಅವನ ಕೆಲಸ ಹೋದರೆ ಚಿಚಾ ಮಾರಿ ಮೂರು ಹೊಟ್ಟೆ ತುಂಬುವುದುಂಟಾ, ಒಂದು ಮಾತು, ಅಷ್ಟೇ, ಹೆಂಗಸು ಮರೆತು ನಿಂಬೆ ಹಿಂಡಿದಳು ಅಂದರೆ ಯಾರ ಮಾನ ಹೋಗುತ್ತದೆ, ಬಾಯಿ ತೆರೆದಳು ಕೂಡ, ನಾಯ್ದಾ ಅವಳನ್ನು ನೋಡುತ್ತಿಲ್ಲ, ಲೋಟವನ್ನು ನೋಡುತ್ತಿದ್ದಾಳೆ, ಅಮ್ಮ ಸುಳ್ಳು ಹೇಳಬಹುದು ಅನ್ನುವುದು ಆ ತಲೆಯೊಳಗೆ ಇನ್ನೂ ಹೊಕ್ಕೇ ಇಲ್ಲ.

ಆಗ ಜನರ ಸಂದಿನಿಂದ ಒಂದು ಮುದುಕಿ ಕೈ, ಆ ಕೈಯಲ್ಲಿ ಸೋಡಾ ಬಾಟಲಿ, ಕಾಸಿಲ್ದಮ್ಮ, ಸೇತುವೆಯ ಆಚೆ ಕುರಿ ಕಾಯುವವಳು, ಏಯ್ ಪುಟ್ಟಿ ಇದಕ್ಕೂ ಒಂದು ಹನಿ ಬಿಡು, ನಮ್ಮ ಕಾಲುವೆ ನೀರು, ನನ್ನ ಕುರಿಗಳು ದಿನ ತುಂಬೋ ಮೊದಲೇ ಕಂದು ಹಾಕ್ತಾ ಇದಾವೆ, ನಾನು ನಿಂಬೆ ಹಿಂಡಿಲ್ಲ ನೋಡು, ನನ್ನ ಹತ್ರ ನಿಂಬೆನೂ ಇಲ್ಲ, ಹಲ್ಲೂ ಇಲ್ಲ — ಯಾರೋ ನಕ್ಕು ನಿಲ್ಲಿಸಿದರು. ಪ್ರದರ್ಶನ ಮುಗೀತು, ನಾಯ್ದಾ ಡ್ರಾಪರ್ ಕೆಳಗಿಡು, ತಾಯಿ ನೀವೇ ಹೇಳಿ ಅವಳಿಗೆ ಅಂದರು ಹೆಡ್‌ಮೇಷ್ಟ್ರು, ಅವರ ಅಂಗಿಯ ಕಂಕುಳು ಒದ್ದೆ, ಪಾಪ ಅವರಿಗೂ ಹೆದರಿಕೆ, ಈ ಶಾಮಿಯಾನದ ಕೆಳಗೆ ಹೆದರದವರು ಯಾರಿದ್ದಾರೆ, ಬಿಳಿ ಟೋಪಿಯವನಿಗೂ ಮೇಲೆ ಯಾರೋ ಇರುತ್ತಾರೆ, ಹೆದರದೆ ಇರುವುದು ಆ ಬಾಟಲಿಯ ನೀರು ಒಂದೇ, ಅದು ಏನಾಗಿದೆಯೋ ಅದೇ ಆಗಿದೆ, ನಾಯ್ದಾ ಈಗ ನೋಡಿದಳು, ಅಮ್ಮನ ಮುಖವನ್ನು, ಮೊದಲ ಸಲ. ನಾನು ಹೇಳಲ್ಲ ಮೇಷ್ಟ್ರೇ ಅಂದಳು ಹೆರ್ಮೀನಿಯಾ, ನಿಂಬೆ ಬಿತ್ತು ಅಂತಲೂ ಹೇಳಲ್ಲ, ಡ್ರಾಪರ್ ಕೆಳಗಿಡು ಅಂತಲೂ ಹೇಳಲ್ಲ, ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು, ಬಾಟಲಿ ಇಸಕೊಂಡಳು, ಖಾಲಿ ಲೋಟಕ್ಕೆ ಸುರಿದಳು, ನೀರು ತಿಳಿ, ಆಚೆ ನಿಂತವರ ಅಂಗಿಯ ಗುಂಡಿ ಕಾಣುವಷ್ಟು ತಿಳಿ, ನಾಯ್ದಾ ರಬ್ಬರು ಒತ್ತಿದಳು, ಯಾರೂ ಉಸಿರು ಬಿಡುತ್ತಿಲ್ಲ, ಡ್ರಾಪರಿನ ತುದಿಯಲ್ಲಿ ಹನಿ ಉಬ್ಬಿತು, ನೇರಳೆ, ದುಂಡಗೆ, ಬೀಳಬೇಕು, ಇನ್ನೂ ಬಿದ್ದಿಲ್ಲ ಹನಿ.