ಕೂಗಿ ಹೇಳಿದ ತೂಕ

ನಮ್ಮ ಉಪಕೇಂದ್ರದಲ್ಲಿ ತೂಕದ ಯಂತ್ರ ಇರುವುದು ಜಗಲಿಯ ಮೇಲೆ. ಒಳಗಿನ ನೆಲ ಸಮ ಇಲ್ಲ. ರಿಜಿಸ್ಟರ್ ಒಳಗಿದೆ, ಯಾಕೆಂದರೆ ಫ್ಯಾನ್ ಒಳಗಿದೆ. ಹಾಗಾಗಿ ಹತ್ತೊಂಬತ್ತು ವರ್ಷದಿಂದ ನಾನು ಹೊರಗೆ ನಿಂತು ಬಸುರಿಯರ ತೂಕ ಕೂಗುತ್ತೇನೆ, ಜೊತೆಯ ನರ್ಸ್ ದಾಕ್ಷಾಯಣಮ್ಮ ಒಳಗೆ ಕೂತು ಬರೆದುಕೊಳ್ಳುತ್ತಾಳೆ. ನನ್ನ ಗಂಟಲು ಬಸ್ ಸ್ಟಾಪಿನವರೆಗೂ ಕೇಳುತ್ತದೆ.

ಐದು ತಿಂಗಳ ಬಸುರಿ ಮಧುಶ್ರೀಗೆ ನಾನು ಕೂಗಿದ್ದು ಎಂಬತ್ನಾಲ್ಕು. "ಬಾಯಿಗೆ ಸ್ವಲ್ಪ ಬೀಗ ಹಾಕ್ಕೊಳಮ್ಮ" ಅಂತಲೂ ಸೇರಿಸಿದೆ. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಎರಡು ತಿಂಗಳು ಅವಳು ತಪಾಸಣೆಗೆ ಬರಲಿಲ್ಲ. ಅವಳಿಗೆ ಹಿಂದೆ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಇದನ್ನಾದರೂ ಉಳಿಸಬೇಕಿತ್ತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಸೊಕ್ಕು ಅಂದುಕೊಂಡೆ.

ಅಷ್ಟರಲ್ಲಿ ಮಧುಗಿರಿಯಲ್ಲಿ ಎರಡು ದಿನದ ತರಬೇತಿ ಬಂತು. ಬಸಿರಿನಲ್ಲಿ ತೂಕ ಎಷ್ಟು ಏರಬೇಕು, ಅದನ್ನು ತಾಯಂದಿರಿಗೆ ಹೇಗೆ ಹೇಳಬೇಕು ಅನ್ನುವುದರ ಮೇಲೆ. ಶಿರಾ, ಕೊರಟಗೆರೆ, ಪಾವಗಡದ ನರ್ಸ್‌ಗಳೂ ಬಂದಿದ್ದರು. ಕಲಿಸಲು ಬಂದ ರಾಧಾಮಣಿ ಮೇಡಂಗೆ ನನ್ನ ಮಗಳ ವಯಸ್ಸು. "ತೂಕದ ಬಗ್ಗೆ ಮಾತಾಡ್ಲಾ ಅಂತ ಮೊದಲು ತಾಯಿಯ ಒಪ್ಪಿಗೆ ಕೇಳಿ" ಅಂದರು. ಒಪ್ಪಿಗೆಯಂತೆ! ಹೆರಿಗೆ ನೋವು ಯಾರ ಒಪ್ಪಿಗೆ ಕೇಳಿಕೊಂಡು ಬರುತ್ತದೆ? ನನಗೆ ರೇಗಿತು.

ಊಟವಾದ ಮೇಲೆ ಅಭಿನಯ ಮಾಡಿಸಿದರು. ನಾನು ಬಸುರಿ, ದಾಕ್ಷಾಯಣಮ್ಮ ನರ್ಸ್. ನಾನು ಯಂತ್ರ ಹತ್ತಿದೆ. ಅವಳು ಬಗ್ಗಿ ನೋಡಿ, ನಮ್ಮಲ್ಲಿ ನಡೆಯುವಂತೆಯೇ ಕೂಗಿದಳು: "ತೊಂಬತ್ತೊಂದು!"

ಪಾವಗಡದವಳೊಬ್ಬಳು "ಅಮ್ಮೋ!" ಅಂದಳು. ಅಡುಗೆಯವರು ಕಿಟಕಿಯಿಂದ ಇಣುಕಿದರು. ಹಾಳಾದ ದಾಕ್ಷಾಯಣಮ್ಮ! ಸಾಯಂಕಾಲ ಬೋಂಡಾ ಕೊಟ್ಟರು, ನಾನು ಮುಟ್ಟಲಿಲ್ಲ. ಮನೆಯಲ್ಲೂ ಉಣ್ಣಲಿಲ್ಲ. ಗಂಡ ಕೇಳಿದ್ದಕ್ಕೆ ಹೊಟ್ಟೆನೋವು ಅಂದೆ. ಆಗ ಮಧುಶ್ರೀ ನೆನಪಾದಳು, ನಾಚಿಕೆಯಾಯಿತು.

ತರಬೇತಿ ಮುಗಿದ ಮಾರನೆಯ ಬೆಳಿಗ್ಗೆ ಚಿಕ್ಕ ಯಂತ್ರವೊಂದನ್ನು ಚೀಲಕ್ಕೆ ಹಾಕಿಕೊಂಡು, ಮಿಡಿಗೇಶಿ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಅವಳ ಅತ್ತೆ ರಂಗಕ್ಕ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು.

"ಬಾ ನರ್ಸಮ್ಮ. ಇವ್ಳಿಗೆ ಎಷ್ಟು ಇಕ್ಕುದ್ರೂ ಮೈ ಹತ್ತಕಿಲ್ಲ ಕಣಮ್ಮ. ತಟ್ಟೆ ತಕಂಡು ಹಿತ್ಲಿಗೆ ಹೋಯ್ತಾಳೆ, ಬರೋ ಹೊತ್ಗೆ ಖಾಲಿ. ನಮ್ ಕೋಳಿ ನೋಡು, ಹೆಂಗೆ ದುಂಡಗಾಗವೆ!"

ನಾನು ಕೋಳಿಗಳನ್ನು ನೋಡಿದೆ. ದುಂಡಗೇ ಇದ್ದವು.

ಮಧುಶ್ರೀ ಹೊರಗೆ ಬಂದಳು. ಕೆನ್ನೆ ಬತ್ತಿತ್ತು. "ತೂಕದ ವಿಷ್ಯ ಮಾತಾಡ್ಲೇನಮ್ಮ?" ಅಂತ ಕೇಳುವಷ್ಟರಲ್ಲಿ ಅವಳೇ ಯಂತ್ರ ಹತ್ತಿ ನಿಂತಿದ್ದಳು.

"ಎಷ್ಟು ಸಿಸ್ಟರ್?"

"ಎಪ್ಪತ್ತಾರು" ಅಂದೆ ಮೆಲ್ಲಗೆ.

ಅವಳ ಮುಖ ಅರಳಿತು. "ಅವತ್ತಿನಂಗೇ ಕೂಗಿ ಸಿಸ್ಟರ್. ಅವತ್ತು ನಕ್ಕೋರ್ಗೆಲ್ಲ ಕೇಳ್ಲಿ."

ಅವಳನ್ನು ಮಲಗಿಸಿ ಹೊಟ್ಟೆ ಅಳೆದೆ. ಏಳು ತಿಂಗಳ ಹೊಟ್ಟೆ ಐದೂವರೆ ತಿಂಗಳಿನಷ್ಟಿತ್ತು. ಚೀಲದಿಂದ ಎದೆಬಡಿತ ಕೇಳುವ ಕೊಳವೆ ತೆಗೆದು ಹೊಟ್ಟೆಗೆ ಒತ್ತಿ ಕಿವಿಯಿಟ್ಟೆ. ಮೊದಲು ಏನೂ ಕೇಳಲಿಲ್ಲ, ಕೊಳವೆ ಸರಿಸುತ್ತಾ ಹೋದೆ. ಆಮೇಲೆ ಎಡಕ್ಕೆ, ಕೆಳಗೆ, ಕೂಸಿನ ಎದೆಬಡಿತ ಸಿಕ್ಕಿತು.

"ಮಗು ಬದುಕೈತೆ ಕಣಮ್ಮ. ಆದ್ರೆ ಉಪವಾಸ ಐತೆ. ತಪ್ಪು ನಂದು. ಇವತ್ತೇ ಮಧುಗಿರಿಗೆ ಹೋಗಿ ಸ್ಕ್ಯಾನ್ ಮಾಡ್ಸಣ. ಮೊದ್ಲು ಉಣ್ಣು."

ರಂಗಕ್ಕ ಕೋಳಿಗಳ ಕಡೆ ನೋಡಿದಳು, ಸೊಸೆಯನ್ನು ನೋಡಿದಳು. ಒಳಗೆ ಹೋಗಿ ಮುದ್ದೆ, ಸಾರು ತಂದಿಟ್ಟಳು.

ಮಧುಶ್ರೀ ತಟ್ಟೆ ಮುಟ್ಟಲಿಲ್ಲ. "ಉಂಡ್ರೆ ಮತ್ತೆ ದಪ್ಪ ಆಯ್ತೀನಲ್ಲ ಸಿಸ್ಟರ್. ಆವಾಗ ಏನಂತ ಕೂಗ್ತೀರ?"

ಮುದ್ದೆ ಮುರಿದು ಸಾರಿನಲ್ಲದ್ದಿ ಅವಳ ಬಾಯಿಗೆ ನಾನೇ ಇಟ್ಟೆ. ಅವಳು ನುಂಗುವವರೆಗೂ ನಾನು ಅಳುತ್ತಾ ಪಕ್ಕದಲ್ಲೇ ಕೂತಿದ್ದೆ.