ಸೋಡಾದಲ್ಲಿ ಕುದಿಸಿದ ಅರಿವೆ

ಶನಿವಾರ ಸಂಜೆಯ ರೈಲಿಗೆ ಖಾನಾಪುರಕ್ಕೆ ಬಂದ ಮಗಳು ಮಹಾನಂದಾ ಊಟಕ್ಕೂ ಕೂಡಲಿಲ್ಲ. ಚೀಲದಲ್ಲಿದ್ದ ಹೊಲಸು ಅರಿವೆಗಳನ್ನು ಎಂದಿನಂತೆ ನನ್ನ ಮುಂದೆ ಸುರಿದಳು. ಅವಳ ಅಪ್ಪನ ಹಳೆಯ ಧೋತರ ಹರಿದು ನಾನೇ ಮಾಡಿಕೊಟ್ಟ ತುಂಡುಗಳು. ಬೆಳಗಾವಿಯ ಕಾಲೇಜಿನಲ್ಲಿ ಅವಳ ಸಂಶೋಧನೆಯ ಉಕ್ಕಿನ ಕೊಳವೆಯನ್ನು ಒಳಗೆ ಒರೆಸುವುದು ಇವುಗಳಿಂದಲೇ.

ಆ ಕೊಳವೆಯ ನಡುವೆ ತೆಳು ಅಲ್ಯುಮಿನಿಯಂ ಹಾಳೆ. ಒಂದು ಬದಿಗೆ ಗ್ಯಾಸ್ ತುಂಬುತ್ತ ಹೋದರೆ ಹಾಳೆ ಒಡೆದು, ಆ ಹೊಡೆತಕ್ಕೆ ಇನ್ನೊಂದು ಬದಿಯ ಗ್ಯಾಸ್ ರೆಪ್ಪೆ ಬಡಿಯುವುದರೊಳಗೆ ಕಾದು ಬೆಳಗುತ್ತದೆ. ಬೆಳಕು ಬಣ್ಣಬಣ್ಣವಾಗಿ ಬೇರ್ಪಟ್ಟು ಫೋಟೋದ ಗಾಜಿನ ಪ್ಲೇಟಿನ ಮೇಲೆ ಗೆರೆಗೆರೆಯಾಗಿ ಬೀಳುತ್ತದೆ. ಒಂದೊಂದು ವಸ್ತುವಿಗೆ ಅದರದೇ ಗೆರೆ.

“ನಾಕ್ ತಿಂಗಳಾತವ್ವಾ, ಹಳದಿ ಜಾಗಾದಾಗ ಉಪ್ಪಿನ ಗೆರಿ ಬರಾಕತ್ತೈತಿ. ಕೊಳವಿ ಒರಸಾಂವ ಬಂಡೆಪ್ಪ. ‘ಭಜಿ ತಿಂದ ಕೈ ಹಚ್ಚಿರ್ತಿ’ ಅಂತ ನಮ್ಮ ಸಾಹೇಬ್ರು ಆವಾಗಿಂದ ಎಲ್ಲಾರ ಮುಂದ ಅಂತಾರ. ಸೋಮವಾರ ಅವನ್ನ ಕೆಲಸದಿಂದ ತಗೀತಾರ.”

“ನೀ ಏನಂದಿ?”

“ನಾನೂ ಹೌದಂದೆ.”

ನಾನೊಮ್ಮೆ ಕಾಲೇಜಿಗೆ ಹೋದಾಗ ಸ್ಟೂಲಿಗೆ ಪೇಪರು ಹಾಸಿ, “ಕುಂದರ್ರಿ ಯವ್ವಾ, ನಿಮ್ಮ ಮಗಳು ಸಿಡ್ಲು ಮಾಡ್ತಾಳ” ಎಂದು ನಕ್ಕಿದ್ದ ಮುದುಕ ಅವನು.

ರವಿವಾರ ಉಪ್ಪು ಹಾಕಿದ ಅನ್ನ ಉಕ್ಕಿ ಸ್ಟೋವಿನ ಮೇಲೆ ಬಿತ್ತು. ನೀಲಿ ಉರಿ ಹಳದಿಯಾಯಿತು.

“ಇದ ನೋಡವ್ವಾ, ಸೋಡಿಯಂ,” ಎಂದಳು ಮಗಳು. “ಉಪ್ಪಿನ್ಯಾಗೂ ಐತಿ, ಅರಿವಿ ಸೋಡಾದಾಗೂ ಐತಿ.”

ನನ್ನ ಕೈ ನಿಂತಿತು. ಮೊದಲು ಅಂಟುವಾಳದಲ್ಲಿ ತೊಳೆಯುತ್ತಿದ್ದೆ. ನಾಲ್ಕು ತಿಂಗಳ ಹಿಂದೆ, ಎಣ್ಣೆ ಕಲೆ ಹೋಗಲೆಂದು ಸೋಡಾ ಹಾಕಿ ಕುದಿಸತೊಡಗಿದ್ದೆ. ಬಾವಿಯಲ್ಲಿ ನೀರು ಕಡಿಮೆ, ಒಂದೇ ನೀರಿಗೆ ಹಿಂಡಿಬಿಡುತ್ತಿದ್ದೆ. ಹೋದ ವಾರ ಒಣಗಿಸಿಟ್ಟಿದ್ದ ತುಂಡೊಂದನ್ನು ನೀರಿನಲ್ಲಿ ಅದ್ದಿ ಉರಿಯ ಮೇಲೆ ಹಿಂಡಿದೆ. ಮತ್ತೆ ಹಳದಿ.

ಮಹಾನಂದಾ ಆ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಸಾಹೇಬ್ರಿಗೆ ನಾ ಹೇಳ್ತೇನಿ. ನೀ ಬರಬ್ಯಾಡ.”

“ಬಂಡೆಪ್ಪಗ ಯಾರು ಹೇಳೋರು?”

ಸೋಮವಾರ ಇಬ್ಬರೂ ಮೊದಲ ರೈಲು ಹತ್ತಿದೆವು.

ಬಂಡೆಪ್ಪ ಬೀಗದ ಕೈ ಒಪ್ಪಿಸಲು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ಸ್ಟೂಲಿಗೆ ಪೇಪರು ಹಾಸಿದ. ನಾನು ಕೂಡಲಿಲ್ಲ.

“ಅರಿವಿ ತೊಳದಾಕಿ ನಾನಪಾ. ಸೋಡಾ ಹಾಕಿದ್ದೆ. ನಿನ್ನ ಕೈದು ತಪ್ಪಲ್ಲ.”

ಒಳಗಿನಿಂದ ಮಗಳ ದನಿ ಕೇಳುತ್ತಿತ್ತು: “ತಪ್ಪು ನಮ್ಮದ್ರಿ ಸರ್. ಬಂಡೆಪ್ಪಂದಲ್ಲ.”

ಬಂಡೆಪ್ಪ ಆ ಕಡೆ ತಿರುಗಲಿಲ್ಲ. ತನ್ನ ಅಂಗೈಗಳನ್ನು ಮೂಸಿ ನೋಡಿಕೊಂಡ.

“ಭಜಿ ಬಿಟ್ಟು ಮೂರು ತಿಂಗಳಾತ್ರಿ ಯವ್ವಾ,” ಎಂದ. “ಆದ್ರೂ ಗೆರಿ ಹೋಗಲಿಲ್ಲ, ನನ್ನ ಕೈಯಾಗ ಏನೋ ಐತಿ ಅಂತ ನಾನೂ ನಂಬಿದ್ದೆ.”